ಹಗ್ಗ ಹರಿದ ಜಾಗ ನೋಡಿ: ವಿಂಚ್ ಹಗ್ಗ ಮತ್ತು ಫೇರ್‌ಲೀಡ್ ದೋಷ ಹುಡುಕುವ ಕೈಪಿಡಿ

ಒಂದೇ ಮಳೆಗಾಲದಲ್ಲಿ ನನ್ನ ಜೀಪಿನ ವಿಂಚ್ ಹಗ್ಗ ಎರಡು ಸಲ ಹರಿಯಿತು. ವಿಂಚ್ ಅಂದರೆ ಮುಂದಿನ ಬಂಪರಿನಲ್ಲಿ ಕೂರಿಸುವ ಮೋಟಾರ್ ಯಂತ್ರ. ಹಗ್ಗದ ಹುಕ್ಕನ್ನು ಮರಕ್ಕೆ ಕಟ್ಟಿದರೆ ಅದು ಹಗ್ಗವನ್ನು ಡ್ರಮ್ಮಿಗೆ ಸುತ್ತುತ್ತಾ ಹೂತ ಗಾಡಿಯನ್ನು ಎಳೆಯುತ್ತದೆ. ಎರಡೂ ಸಲ ಡೋಣಿ ನದಿ ದಂಡೆಯ ಎರಿ (ಕಪ್ಪು ಮಣ್ಣಿನ) ಹೊಲದ ದಾರಿಯಲ್ಲಿ. "ಡೋಣಿ ಬೆಳೆದರೆ ಓಣೆಲ್ಲಾ ಕಾಳು" ಅಂತ ನಮ್ಮ ವಿಜಯಪುರದ ಕಡೆ ಗಾದೆ ಇದೆ. ಕಾಳಿನ ಮಾತು ಖರೇ. ಆದರೆ ಅದೇ ಮಣ್ಣು ಎರಡು ಮಳೆ ಕುಡಿದ ಮೇಲೆ ಜೀಪನ್ನೂ ಬಿಡುವುದಿಲ್ಲ, ಟ್ರ್ಯಾಕ್ಟರನ್ನೂ ಬಿಡುವುದಿಲ್ಲ.

ಮೊದಲ ಹಗ್ಗ ಹರಿದಾಗ ಡುಪ್ಲಿಕೇಟ್ ಮಾಲು ಕೊಟ್ಟಿದ್ದಾರೆ ಅಂತ ಅಂಗಡಿಯವರಿಗೆ ಮನಸ್ಸಿನಲ್ಲೇ ಬೈದೆ. ಜಾಸ್ತಿ ದುಡ್ಡು ಕೊಟ್ಟು ಇನ್ನೊಂದು ತಂದೆ. ಅದು ಎರಡು ತಿಂಗಳೂ ಬಾಳಲಿಲ್ಲ. ಕೊನೆಗೆ ಎರಡೂ ಹಗ್ಗಗಳನ್ನು ಅಂಗಳದಲ್ಲಿ ಪಕ್ಕಪಕ್ಕ ಹಾಸಿ ನೋಡಿದೆ. ಹುಕ್ಕಿನಿಂದ ಸುಮಾರು ಎಂಟು ಮೀಟರ್ ತನಕ ಎರಡರಲ್ಲೂ ನೂಲು ಎದ್ದಿತ್ತು. ಅದೂ ಒಂದೇ ಮಗ್ಗುಲಿಗೆ. ಡ್ರಮ್ ಕಡೆ ಉಳಿದದ್ದು ಹೊಸ ಹಗ್ಗದ ಹಾಗೇ ಇತ್ತು. ಬೇರೆ ಬೇರೆ ಕಂಪನಿಯ ಎರಡು ಹಗ್ಗ ಒಂದೇ ಜಾಗದಲ್ಲಿ, ಒಂದೇ ಥರ ಹಾಳಾಗಿದ್ದರೆ ಹಗ್ಗವನ್ನು ಬೈದು ಏನು ಉಪಯೋಗ? ಅದು ಹಾಯುವ ದಾರಿಯಲ್ಲಿ ಏನೋ ಕೆಟ್ಟಿದೆ.

ಆ ದಾರಿ ಚಿಕ್ಕದು. ಡ್ರಮ್ಮಿನಿಂದ ಶುರುವಾಗಿ, ಬಂಪರ್ ಕಿಂಡಿ ದಾಟಿ, ಫೇರ್‌ಲೀಡ್ ಎಂಬ ಬಾಯಿಯಿಂದ ಹೊರಬಂದು, ಹುಕ್ಕಿಗೆ ಮುಗಿಯುತ್ತದೆ. ದೋಷ ಹುಡುಕಬೇಕಾದದ್ದು ಇಷ್ಟರಲ್ಲೇ.

ಮೊದಲು ಹಗ್ಗ ಪೂರ್ತಿ ಬಿಚ್ಚಿ

ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ವಿಂಚ್ ರಿಮೋಟ್ ಕಳಚಿ ಕಿಸೆಯಲ್ಲಿ ಇಟ್ಟುಕೊಳ್ಳಿ. ವಿಂಚಿನ ಕ್ಲಚ್ ಫ್ರೀ ಮಾಡಿ ಹಗ್ಗವನ್ನು ಕೈಯಿಂದಲೇ ಎಳೆದು ಡ್ರಮ್ ಕಾಣುವ ತನಕ ಹಾಸಿ. ಹುಕ್ಕಿನ ಕಡೆಯಿಂದ ಪ್ರತಿ ಒಂದು ಮೀಟರಿಗೆ ಟೇಪಿನ ಗುರುತು ಹಾಕಿ. ಈ ಕೆಲಸ ಬೇಸರದ್ದು, ನಿಜ. ಆದರೆ ಇದನ್ನು ಬಿಟ್ಟು ಮುಂದಿನದು ಮಾಡಿದರೆ ಬರೀ ಊಹೆ ಆಗುತ್ತದೆ.

ಈಗ ಗಾಯ ಎಲ್ಲಿದೆ ನೋಡಿ. ಹುಕ್ಕಿನ ಹತ್ತಿರ ಒಂದು ಗೇಣಿನಷ್ಟು ಮಾತ್ರ ಸವೆದಿದ್ದರೆ ಅದು ಎಳೆಯುವಾಗ ಆದದ್ದಲ್ಲ. ಗಾಡಿ ಓಡುವಾಗ ಹಗ್ಗ ಫೇರ್‌ಲೀಡ್ ಬಾಯಲ್ಲಿ ಕೂತು ದಿನಾ ನಡುಗಿ, ಬಿಸಿಲು ತಿಂದು ಆದದ್ದು. ಹಲವಾರು ಮೀಟರ್ ಉದ್ದಕ್ಕೆ ನೂಲು ಎದ್ದಿದ್ದರೆ ಭಾರ ಎಳೆಯುವಾಗ ಫೇರ್‌ಲೀಡ್ ಅಥವಾ ಬಂಪರ್ ಅಂಚು ಉಜ್ಜಿದೆ. ನಡುವೆ ಅಲ್ಲೊಂದು ಇಲ್ಲೊಂದು ಚಪ್ಪಟೆಯಾಗಿದ್ದರೆ ಡ್ರಮ್ ಮೇಲೆ ಸುತ್ತು ಸರಿಯಿಲ್ಲ. ಡ್ರಮ್ ಬುಡದ ಸುತ್ತುಗಳು ಗಟ್ಟಿಯಾಗಿ, ಮೇಣದ ಹಾಗೆ ಹೊಳೆಯುತ್ತಿದ್ದರೆ ಬಿಸಿ ತಾಗಿದೆ.

ಸಿಂಥೆಟಿಕ್ ಹಗ್ಗದ ಮೈಮೇಲೆ ತೆಳ್ಳಗೆ ಜುಂಗು ಎದ್ದರೆ ಹೆದರಬೇಡಿ. ಅದು ಎಲ್ಲಾ ಹಗ್ಗಕ್ಕೂ ಬರುತ್ತದೆ, ಒಳಗಿನ ನೂಲಿಗೆ ಸ್ವಲ್ಪ ಕಾವಲೂ ಆಗುತ್ತದೆ. ಒಂದು ಎಳೆ ಪೂರ್ತಿ ಕಡಿದಿದ್ದರೆ, ಅಥವಾ ಕೈಯಲ್ಲಿ ಹಿಡಿದಾಗ ಆ ಜಾಗ ಉಳಿದ ಕಡೆಗಿಂತ ಎದ್ದು ಕಾಣುವಷ್ಟು ಸಣ್ಣಗಾಗಿದ್ದರೆ ಅದರ ಆಯುಷ್ಯ ಮುಗಿದಿದೆ.

ಒಂದೇ ಮಗ್ಗುಲಿಗೆ ನೂಲು ಎದ್ದಿದೆ

ನನ್ನ ಕಥೆ ಇದೇ. ನನ್ನದು 9,500 ಪೌಂಡ್ ವಿಂಚ್. ಅಂದರೆ ಸುಮಾರು 4,300 ಕೆ.ಜಿ. ಬರುವಾಗ 8 ಎಂ.ಎಂ. ತಂತಿ ಹಗ್ಗ, ನಾಲ್ಕು ಉರುಳೆಯ ರೋಲರ್ ಫೇರ್‌ಲೀಡ್ ಇತ್ತು. ತಂತಿ ಭಾರ, ಕೈಗೆ ಚುಚ್ಚುತ್ತದೆ ಅಂತ 10 ಎಂ.ಎಂ. ಸಿಂಥೆಟಿಕ್ ಹಗ್ಗ ಹಾಕಿಸಿದೆ. ರೋಲರ್ ಅದೇ ಇರಲಿ, ಚೆನ್ನಾಗೇ ತಿರುಗುತ್ತಿದೆ ಅಲ್ವಾ ಅಂತ ಬಿಟ್ಟೆ. ತಪ್ಪಾದದ್ದು ಅಲ್ಲೇ.

ಹಳೆ ಬಾವಿಯ ಕಟ್ಟೆ ಕಲ್ಲಿನ ಮೇಲೆ ಹಗ್ಗ ಕೊರೆದ ಗೆರೆ ನೋಡಿರುತ್ತೀರಿ. ನನ್ನ ರೋಲರ್ ಮೇಲೂ ತಂತಿ ಹಗ್ಗ ಅಂಥದೇ ಗೆರೆ ಕೊರೆದಿತ್ತು. ಆ ಗೆರೆಯ ಅಂಚು ಬ್ಲೇಡಿನ ಹಾಗೆ. ತಂತಿಗೆ ಅದು ಲೆಕ್ಕಕ್ಕೇ ಇಲ್ಲ. ನೂಲಿನ ಹಗ್ಗವನ್ನು ಮಾತ್ರ ಪ್ರತಿ ಸಲ ಕೆರೆದು ತೆಗೆಯುತ್ತದೆ.

ಬರೀ ಬೆರಳಿಗೆ ಇದು ಗೊತ್ತಾಗುವುದಿಲ್ಲ. ದೀಪದ ಬತ್ತಿಗೆ ಇಟ್ಟ ಅರಳೆ ಒಂದು ಹಿಡಿ ತಗೊಳ್ಳಿ. ರೋಲರ್, ಅದರ ಮೂಲೆ, ಬಂಪರ್ ಕಿಂಡಿಯ ಅಂಚು, ಡ್ರಮ್ಮಿನ ಎರಡೂ ಬದಿ, ಎಲ್ಲಾ ಕಡೆ ಹಗುರವಾಗಿ ಸವರಿ. ಎಲ್ಲಿ ಅರಳೆ ಸಿಕ್ಕಿ ಎಳೆ ಬಿಡುತ್ತದೋ ಅಲ್ಲಿ ಮುಳ್ಳು ಇದೆ. ನನ್ನ ಗಾಡಿಯಲ್ಲಿ ರೋಲರ್ ಮೇಲೆ ಐದು ಕಡೆ ಸಿಕ್ಕಿತು. ನಾನು ಕನಸಿನಲ್ಲೂ ಎಣಿಸದ ಒಂದು ಕಡೆಯೂ ಸಿಕ್ಕಿತು: ಬಂಪರ್ ಮಾಡಿದವರು ಕಿಂಡಿಯನ್ನು ಗ್ಯಾಸಿನಿಂದ ಕತ್ತರಿಸಿ, ಅಂಚು ಉಜ್ಜದೆ ಹಾಗೇ ಬಣ್ಣ ಬಳಿದಿದ್ದರು. ಬಣ್ಣದ ಕೆಳಗೆ ಗರಗಸ ಇದ್ದ ಹಾಗೆ.

ರೋಲರ್ ಮೂಲೆಯನ್ನು ಬೇರೆಯಾಗಿ ನೋಡಿ. ನಿಂತ ಉರುಳೆ, ಮಲಗಿದ ಉರುಳೆ ಸೇರುವ ಕಡೆ ಒಂದು ಸಂದು ಇರುತ್ತದೆ. ನೇರಕ್ಕೆ ಎಳೆದರೆ ಹಗ್ಗ ಅಲ್ಲಿಗೆ ಹೋಗುವುದಿಲ್ಲ. ಓರೆಯಾಗಿ ಎಳೆದರೆ ಭಾರದಲ್ಲಿ ಚಪ್ಪಟೆಯಾದ ಸಿಂಥೆಟಿಕ್ ಹಗ್ಗ ಆ ಸಂದಿನಲ್ಲಿ ಹೊಕ್ಕು ಸಿಗಿಬೀಳುತ್ತದೆ. ಎರಿ ಹೊಲದಲ್ಲಿ ನೇರ ಎಳೆತ ಸಿಗುವುದೇ ಅಪರೂಪ. ಕಣ್ಣು ಹಾಯುವ ತನಕ ಬಯಲು, ಎಲ್ಲೋ ಒಂದು ಜಾಲಿ ಗಿಡ. ಹಗ್ಗ ಕಟ್ಟಲು ಅದು ನಮ್ಮ ಗಾಡಿ ಮೂತಿಯ ಎದುರಿಗೇ ಇರಬೇಕಲ್ಲ!

ಇದಕ್ಕೆ ಮದ್ದು ಏನು? ಬಂಪರ್ ಅಂಚನ್ನು ಅರದಿಂದ ದುಂಡಗೆ ಉಜ್ಜಿ, ಎಮರಿ ಪೇಪರ್ ಹೊಡೆದು, ಮತ್ತೆ ಅರಳೆ ಸವರಿ ನೋಡಿ. ಡ್ರಮ್ ಮೇಲೆ ತಂತಿಯ ಗುರುತು, ತುಕ್ಕು ಇದ್ದರೆ ಅದಕ್ಕೂ ಇದೇ. ರೋಲರ್ ಮಾತ್ರ ಬದಲಾಯಿಸಿ. ಲೇತ್ ಮೇಲೆ ಹಾಕಿ ಗೆರೆ ತೆಗೆಸೋಣ ಅಂತ ಅನಿಸುತ್ತದೆ. ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಕೆಲಸಕ್ಕೆ ಬರವೇ ಇಲ್ಲ, ಅರ್ಧ ಗಂಟೆಯ ಕೆಲಸ. ಆದರೆ ಉರುಳೆ ಸಣ್ಣಗಾದಷ್ಟೂ ಮೂಲೆಯ ಸಂದು ದೊಡ್ಡದಾಗುತ್ತದೆ. ಗೆರೆ ಹೋಗಿ ಸಂದು ಬಂದರೆ ರೋಗ ಬದಲಾಯಿತು ಅಷ್ಟೇ.

ಸಿಂಥೆಟಿಕ್ ಹಗ್ಗಕ್ಕೆ ಹಾಸ್ ಫೇರ್‌ಲೀಡ್ ಹಾಕಿ. ಅದರಲ್ಲಿ ತಿರುಗುವುದು ಏನೂ ಇಲ್ಲ, ದುಂಡನೆ ತುಟಿಯ ಒಂದು ಅಲ್ಯೂಮಿನಿಯಂ ಬಾಯಿ ಅಷ್ಟೇ. ನಮ್ಮ ಅಳತೆಯ ವಿಂಚುಗಳಿಗೆ ಬೋಲ್ಟ್ ತೂತುಗಳ ನಡುವೆ 254 ಎಂ.ಎಂ., ಅಂದರೆ 10 ಇಂಚು ಅಂತರ ಇರುತ್ತದೆ. ಕೊಳ್ಳುವ ಮುಂಚೆ ಅಳೆದು ನೋಡಿ, ಎಟಿವಿಗೆ (ನಾಲ್ಕು ಗಾಲಿಯ ಬೈಕಿನಂಥ ಗಾಡಿಗೆ) ಬರುವ ಚಿಕ್ಕವೂ ನೋಡಲು ಹೀಗೇ ಇರುತ್ತವೆ. ತುಟಿ ದಪ್ಪ ಇದ್ದಷ್ಟೂ ಒಳ್ಳೆಯದು. ತೆಳು ತುಟಿಯಲ್ಲಿ ಹಗ್ಗ ಚೂಪಾಗಿ ಮಡಚುತ್ತದೆ, ಮಡಚಿದ ಕಡೆ ಬಲ ಕಳೆದುಕೊಳ್ಳುತ್ತದೆ. ಬಣ್ಣ ಬಳಿದ ಅಗ್ಗದವು ಬೇಡ. ಬಣ್ಣ ಎದ್ದರೆ ಅದೇ ಅಂಚು ಆಗುತ್ತದೆ. ಆನೋಡೈಸ್ ಮಾಡಿದ್ದು ತಗೊಳ್ಳಿ.

ಹಾಸ್ ಹಾಕಿ ತಂತಿ ಹಗ್ಗ ಉಳಿಸಿಕೊಂಡವರನ್ನೂ ನೋಡಿದ್ದೇನೆ. ಬಾದಾಮಿ ಕಡೆಯ ಗೆಳೆಯರೊಬ್ಬರು, ನೋಡಲು ಚೆಂದ ಅಂತ. ಆರು ತಿಂಗಳಲ್ಲಿ ತಂತಿ ಆ ಅಲ್ಯೂಮಿನಿಯಂ ತುಟಿಯಲ್ಲಿ ಬೆರಳು ಹೋಗುವಷ್ಟು ಕಾಲುವೆ ತೋಡಿತ್ತು. ತಂತಿಗೆ ರೋಲರ್, ನೂಲಿಗೆ ಹಾಸ್. ಬದಲಾಯಿಸುವುದಾದರೆ ಎರಡನ್ನೂ ಒಟ್ಟಿಗೇ ಬದಲಾಯಿಸಿ.

ಡ್ರಮ್ ಬುಡದಲ್ಲಿ ಹಗ್ಗ ಗಟ್ಟಿಯಾಗಿ ಹೊಳೆಯುತ್ತಿದೆ

ಒಳ್ಳೆಯ ವಿಂಚ್ ಹಗ್ಗವನ್ನು ಡೈನೀಮಾ ಥರದ ಪಾಲಿಎಥಿಲೀನ್ ನೂಲಿನಿಂದ ಹೆಣೆಯುತ್ತಾರೆ. ತೂಕಕ್ಕೆ ತೂಕ ಇಟ್ಟರೆ ಉಕ್ಕಿಗಿಂತ ಬಹಳ ಗಟ್ಟಿ. ಆದರೆ ಬಿಸಿ ತಡೆಯುವುದಿಲ್ಲ. ಕರಗುವುದು ಸುಮಾರು 145 ಡಿಗ್ರಿಗೆ, ಬಲ ಕಳೆದುಕೊಳ್ಳಲು ಶುರು ಮಾಡುವುದು ಅದಕ್ಕಿಂತ ಎಷ್ಟೋ ಮುಂಚೆ. ಕುದಿಯುವ ನೀರಿನ ಬಿಸಿಯೇ ಅದಕ್ಕೆ ಜಾಸ್ತಿ.

ಆ ಬಿಸಿ ಬರುವುದು ಎಲ್ಲಿಂದ? ಎಷ್ಟೋ ವಿಂಚುಗಳಲ್ಲಿ ಬ್ರೇಕ್ ಡ್ರಮ್ಮಿನ ಹೊಟ್ಟೆಯೊಳಗೇ ಇರುತ್ತದೆ. ಎಳೆಯುವಾಗ ಅದು ಸುಮ್ನೆ ಇರುತ್ತದೆ. ಭಾರ ಹಿಡಿದುಕೊಂಡು ಹಗ್ಗ ಬಿಡುವಾಗ, ಅಂದರೆ ಇಳಿಜಾರಿನಲ್ಲಿ ಗಾಡಿ ಇಳಿಸುವಾಗ, ಬ್ರೇಕ್ ಉಜ್ಜಿ ಕಾಯುತ್ತದೆ. ಜಾಂಬೋಟಿ ಕಡೆ ಕೆಂಪು ಮಣ್ಣಿನ ಜಾರುವ ದಿಬ್ಬದಲ್ಲಿ ಒಬ್ಬರು ಹೀಗೇ ಇಡೀ ಗಾಡಿಯನ್ನು ವಿಂಚ್ ಮೇಲೆ ಇಳಿಸಿದರು. ಮನೆಗೆ ಬಂದು ಹಗ್ಗ ಬಿಚ್ಚಿದರೆ ಬುಡದ ಪದರ ಒಂದಕ್ಕೊಂದು ಅಂಟಿಕೊಂಡಿತ್ತು.

ಅಂಥ ಹಗ್ಗದ ಸುಟ್ಟ ಭಾಗ ಕತ್ತರಿಸಿ ಎಸೆಯಬೇಕು, ಬೇರೆ ದಾರಿ ಇಲ್ಲ. ಮುಂದೆ ಹೀಗಾಗಬಾರದು ಅಂದರೆ ಬುಡದ ಪದರಕ್ಕೆ ಶಾಖ ತಡೆಯುವ ಕವಚ ಇರುವ ಹಗ್ಗ ಕೊಳ್ಳಿ. ಹಗ್ಗ ಬಿಡುವ ಕೆಲಸವನ್ನು ಚೂರು ಚೂರೇ ಮಾಡಿ, ನಡುವೆ ಆರಲು ಬಿಡಿ. ಬ್ರೇಕ್ ಡ್ರಮ್ಮಿನ ಹೊರಗೆ ಗೇರ್ ಪೆಟ್ಟಿಗೆ ಕಡೆ ಇರುವ ವಿಂಚೂ ಸಿಗುತ್ತವೆ. ಹೊಸದಾಗಿ ಕೊಳ್ಳುವವರು ಇದನ್ನು ಕೇಳಿಯೇ ಕೊಳ್ಳಿ.

ನಿಲ್ಲಿಸಿದರೂ ಭಾರ ಜಾರುತ್ತದೆ

ಬಟನ್ ಬಿಟ್ಟ ಮೇಲೂ ಗಾಡಿ ಹಿಂದೆ ಸರಿಯುತ್ತಿದ್ದರೆ ಎಲ್ಲರೂ ಬ್ರೇಕ್ ಹೋಯಿತು ಅನ್ನುತ್ತಾರೆ. ಹೊಸ ಹಗ್ಗ ಹಾಕಿದ ಮೇಲೆ ಇದು ಶುರುವಾಗಿದ್ದರೆ ಪಾನಾ ಎತ್ತುವ ಮುಂಚೆ ಒಂದು ನೋಡಿ: ಹಗ್ಗ ಡ್ರಮ್ಮಿಗೆ ಯಾವ ಕಡೆಯಿಂದ ಸುತ್ತಿದೆ? ಈ ಬ್ರೇಕ್ ಒಂದೇ ದಿಕ್ಕಿಗೆ ಹಿಡಿಯುವಂಥದ್ದು. ಹಗ್ಗ ತಿರುವುಮುರುವಾಗಿ ಸುತ್ತಿದ್ದರೆ ಎಳೆಯುವುದು ಎಳೆಯುತ್ತದೆ, ಹಿಡಿಯುವುದಿಲ್ಲ. ಬ್ರೇಕೂ ಸುಟ್ಟುಹೋಗುತ್ತದೆ. ಸುತ್ತುವ ದಿಕ್ಕಿನ ಬಾಣ ಡ್ರಮ್ ಮೇಲೋ ಕೈಪಿಡಿಯಲ್ಲೋ ಇರುತ್ತದೆ. ಸಾಮಾನ್ಯವಾಗಿ ಹಗ್ಗ ಡ್ರಮ್ಮಿನ ಕೆಳಗಿನಿಂದ ಹೊರಗೆ ಬರಬೇಕು.

ದಿಕ್ಕು ಸರಿ ಇದ್ದೂ ಜಾರಿದರೆ ಬುಡದಲ್ಲಿ ಎಷ್ಟು ಸುತ್ತು ಉಳಿದಿತ್ತು ನೆನಪು ಮಾಡಿಕೊಳ್ಳಿ. ಭಾರ ಹೊರುವುದು ಡ್ರಮ್ಮಿಗೆ ಹಾಕಿದ ಆ ಚಿಕ್ಕ ಬೋಲ್ಟ್ ಅಲ್ಲ, ಸುತ್ತುಗಳ ಹಿಡಿತ. ತಂತಿಗೆ ಐದು ಸುತ್ತು ಸಾಕು. ಸಿಂಥೆಟಿಕ್ ನುಣುಪು, ಅದಕ್ಕೆ ಎಂಟರಿಂದ ಹತ್ತು ಸುತ್ತು ಉಳಿಯಬೇಕು. ಆ ಜಾಗಕ್ಕೆ ಕೆಂಪು ಬಣ್ಣ ಹಚ್ಚಿ ಇಡಿ. ಕೆಂಪು ಕಂಡ ಕೂಡಲೇ ಬಿಚ್ಚುವುದು ನಿಲ್ಲಿಸಿ.

ಎರಡೂ ಸರಿ ಇದ್ದರೆ ಆಗ ಬ್ರೇಕ್ ಬಿಚ್ಚಿಸಿ.

ನಡುವೆ ಚಪ್ಪಟೆ, ಡ್ರಮ್ ಮೇಲೆ ಸಿಕ್ಕು

ಹಗ್ಗವನ್ನು ಸಡಿಲವಾಗಿ ಸುತ್ತಿಟ್ಟು ಆಮೇಲೆ ಜೋರಾಗಿ ಎಳೆದರೆ ಮೇಲಿನ ಸುತ್ತು ಕೆಳಗಿನ ಸುತ್ತುಗಳ ನಡುವೆ ಹೊಕ್ಕು ಕೂರುತ್ತದೆ. ತಂತಿಯಾದರೆ ಜಜ್ಜಿಹೋಗುತ್ತದೆ, ನೂಲಾದರೆ ಸಿಕ್ಕಿ ಹೊರಗೆ ಬರುವುದೇ ಇಲ್ಲ. ಹೊಸ ಹಗ್ಗ ಹಾಕಿದ ದಿನ ಒಂದು ಸಲ, ಆಮೇಲೆ ಪ್ರತಿ ದೊಡ್ಡ ಎಳೆತದ ನಂತರ, ಭಾರ ಹಾಕಿಯೇ ಮತ್ತೆ ಸುತ್ತಿ. ಸಣ್ಣ ಏರು ಇರುವ ಕಡೆ ಹಗ್ಗವನ್ನು ಮರಕ್ಕೆ ಪಟ್ಟಿಯಿಂದ ಕಟ್ಟಿ, ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಬಿಟ್ಟು, ಅದರ ತೂಕದ ಮೇಲೆ ತನ್ನನ್ನು ತಾನೇ ಎಳೆದುಕೊಳ್ಳಲು ಬಿಡಿ. ಒಬ್ಬರು ಒಳಗೆ ಕೂತು ಬ್ರೇಕ್ ಮೇಲೆ ಕಾಲಿಟ್ಟಿರಲಿ.

ಓರೆ ಎಳೆತದಲ್ಲಿ ಹಗ್ಗ ಡ್ರಮ್ಮಿನ ಒಂದೇ ಬದಿಗೆ ಗುಡ್ಡೆಯಾಗುತ್ತದೆ. ಗುಡ್ಡೆ ಕಂಡರೆ ನಿಲ್ಲಿಸಿ, ಬಿಚ್ಚಿ, ಹರಡಿ ಸುತ್ತಿ. ಐದು ನಿಮಿಷ ಹೋಗುತ್ತದೆ, ಹೋಗಲಿ.

ತಂತಿ ಹಗ್ಗದವರಿಗೆ

ತಂತಿಯ ದೋಷ ಬಟ್ಟೆಯಿಂದ ಗೊತ್ತಾಗುತ್ತದೆ. ಹಳೆ ಧೋತರದ ತುಂಡು ಹಿಡಿದು ಉದ್ದಕ್ಕೂ ಸವರಿ, ಬರೀ ಕೈ ಬೇಡ. ಬಟ್ಟೆ ಸಿಕ್ಕಿದಲ್ಲಿ ಎಳೆ ಕಡಿದು ಮುಳ್ಳಾಗಿದೆ. ಒಂದೇ ಕಡೆ ಹಲವು ಮುಳ್ಳು ಇದ್ದರೆ ಆ ಹಗ್ಗ ಬೇಡ. ಮುರುಟಿಕೊಂಡು ಗಂಟಾದ ಜಾಗವನ್ನು ಸುತ್ತಿಗೆಯಿಂದ ಬಡಿದು ನೇರ ಮಾಡುವವರಿದ್ದಾರೆ. ನೇರ ಕಾಣುತ್ತದೆ, ಒಳಗಿನ ಎಳೆ ಸತ್ತಿರುತ್ತದೆ. ಪಂಜರದ ಹಾಗೆ ಉಬ್ಬಿದರೂ ಅದೇ ಮಾತು. ರೋಲರ್ ತಿರುಗದೆ ಗಟ್ಟಿ ಹಿಡಿದಿದ್ದರೆ ತಂತಿ ಅದರ ಮೇಲೆ ಉಜ್ಜಿಕೊಂಡೇ ಸಾಗುತ್ತದೆ. ಬುಶ್‌ಗೆ ಗ್ರೀಸ್ ಹಾಕಿ, ರಾಡಿ ತೊಳೆಯಿರಿ.

ಎಳೆಯುವ ಬಲವೇ ಸಾಲುತ್ತಿಲ್ಲ

ಇದಕ್ಕೂ ಹಗ್ಗವನ್ನೇ ಬೈಯುತ್ತಾರೆ, ವಿಂಚ್ ಕಂಪನಿಯನ್ನೂ ಬೈಯುತ್ತಾರೆ. ಪೆಟ್ಟಿಗೆ ಮೇಲೆ ಬರೆದ ಬಲ ಡ್ರಮ್ಮಿನ ಮೊದಲ ಪದರದ್ದು. ಮೇಲೆ ಪದರ ಏರಿದ ಹಾಗೆ ಡ್ರಮ್ ದಪ್ಪವಾಗುತ್ತದೆ, ಬಲ ಇಳಿಯುತ್ತದೆ. ನಾಲ್ಕನೇ ಪದರಕ್ಕೆ ಮೂರನೇ ಒಂದು ಪಾಲಿನಷ್ಟು ಹೋಗಿರುತ್ತದೆ. ಮರ ಹತ್ತಿರ ಇದ್ದರೆ ಅನುಕೂಲ ಅಂದುಕೊಳ್ಳುತ್ತೇವೆ. ವಿಂಚಿಗೆ ಅದೇ ಕಷ್ಟ.

ಮಣ್ಣಿನ ಲೆಕ್ಕವನ್ನೂ ನೋಡಿ. ಗಾಲಿ ಮಟ್ಟಕ್ಕೆ ಹೂತ ಗಾಡಿ ಎಳೆಯಲು ಅದರ ತೂಕದಷ್ಟು ಬಲ ಬೇಕು. ಮಡ್‌ಗಾರ್ಡ್ ಮಟ್ಟಕ್ಕೆ ಹೂತರೆ ಎರಡು ಪಟ್ಟು, ಬಾಡಿ ಮಟ್ಟಕ್ಕೆ ಮೂರು ಪಟ್ಟು. ಜನ, ಸಾಮಾನು ಸೇರಿ ಎರಡು ಟನ್ ದಾಟುವ ಥಾರ್ ಜೀಪು ಎರಿಯಲ್ಲಿ ಮಡ್‌ಗಾರ್ಡ್ ತನಕ ಕೂತರೆ ನಾಲ್ಕು ಟನ್ ಮೇಲೆ ಬೇಕು. ನಾಲ್ಕನೇ ಪದರದಲ್ಲಿರುವ 4,300 ಕೆ.ಜಿ. ವಿಂಚ್ ಎಲ್ಲಿಂದ ತರುತ್ತದೆ? ಮರಕ್ಕೆ ಸ್ನ್ಯಾಚ್ ಬ್ಲಾಕ್ ಎಂಬ ರಾಟೆ ಹಾಕಿ, ಹಗ್ಗವನ್ನು ಅದರಲ್ಲಿ ಹಾಯಿಸಿ ವಾಪಸ್ ಗಾಡಿಗೇ ತಂದು ಕಟ್ಟಿ. ವೇಗ ಅರ್ಧ, ಬಲ ಹೆಚ್ಚುಕಡಿಮೆ ಎರಡು ಪಟ್ಟು. ಜಾಸ್ತಿ ಹಗ್ಗ ಬಿಚ್ಚುವುದರಿಂದ ಕೆಳಗಿನ ಪದರವೂ ಸಿಗುತ್ತದೆ. ಅದಕ್ಕಿಂತ ಮುಂಚೆ ಸಲಿಕೆ ಹಿಡಿದು ಗಾಲಿ ಮುಂದಿನ ಮಣ್ಣು ತೆಗೆಯಿರಿ. ಜಿಗುಟು ಎರಿಯಲ್ಲಿ ಒಂದು ಸಲಿಕೆ ಅರ್ಧ ವಿಂಚಿಗೆ ಸಮ.

ಇಷ್ಟಾದ ಮೇಲೂ ಮೋಟಾರ್ ಮುಲುಗುತ್ತಿದ್ದರೆ ಬ್ಯಾಟರಿ, ಅರ್ಥ್ ತಂತಿ, ಟರ್ಮಿನಲ್ ನೋಡಿ. ಪೂರ್ತಿ ಭಾರದಲ್ಲಿ ಈ ಅಳತೆಯ ವಿಂಚ್ 400 ಆಂಪಿಯರ್ ಆಸುಪಾಸು ಕುಡಿಯುತ್ತದೆ. ಎಂಜಿನ್ ಚಾಲೂ ಇರಲಿ.

ಹಗ್ಗದ್ದೇ ತಪ್ಪು ಇರಬಹುದೇ?

ಇರಬಹುದು. ನೈಲಾನ್, ಪಾಲಿಯೆಸ್ಟರ್ ಹೆಣೆದು ವಿಂಚ್ ಹಗ್ಗ ಅಂತ ಮಾರುವವರಿದ್ದಾರೆ. ಒಂದು ಚೂರನ್ನು ಬಕೆಟ್ ನೀರಿಗೆ ಹಾಕಿ. ಅಸಲಿ ತೇಲುತ್ತದೆ, ನೈಲಾನ್ ಮತ್ತು ಪಾಲಿಯೆಸ್ಟರ್ ಮುಳುಗುತ್ತವೆ. ತೇಲಿದ್ದೆಲ್ಲಾ ಅಸಲಿ ಅಲ್ಲ, ಅಗ್ಗದ ಪಾಲಿಪ್ರೊಪಿಲೀನ್ ಕೂಡ ತೇಲುತ್ತದೆ. ಆದರೆ ಅಸಲಿ ನೂಲು ಮೇಣದ ಹಾಗೆ ಜಾರುತ್ತದೆ, ಮನೆಯ ಕತ್ತರಿಗೆ ಸುಲಭಕ್ಕೆ ಬಗ್ಗುವುದಿಲ್ಲ.

ಹಗ್ಗದ ಒಳಗೆ ಸೇರಿದ ಉಸುಕು ಇನ್ನೊಂದು ಶತ್ರು. ಎರಿ ಮಣ್ಣು ನೆನೆಸಿದರೆ ಹೋಗುತ್ತದೆ. ಘಟಪ್ರಭೆಯ ಪಾತ್ರದ ಉಸುಕು, ಬಾದಾಮಿ ಕಲ್ಲಿನ ಪುಡಿ ಎಳೆಗಳ ನಡುವೆ ಕೂತು, ಪ್ರತಿ ಎಳೆತಕ್ಕೂ ಒಳಗಿಂದ ಕೊಯ್ಯುತ್ತದೆ. ಮೇಲೆ ನೋಡಿದರೆ ಏನೂ ಕಾಣುವುದಿಲ್ಲ. ಹೆಣಿಗೆಯನ್ನು ಎರಡೂ ಕೈಯಿಂದ ಒತ್ತಿ ಬಾಯಿ ತೆರೆದು ಒಳಗೆ ನೋಡಿ. ಪುಡಿ ಇದ್ದರೆ ಡ್ರಮ್ಮಿನಿಂದ ಬಿಚ್ಚಿ, ಟಬ್ಬಿನಲ್ಲಿ ನೆನೆಸಿ, ಹಿಂಡಿ ಹಿಂಡಿ ತೊಳೆದು, ನೆರಳಲ್ಲಿ ಒಣಗಿಸಿ.

ಯಾರಿಗೆ ಯಾವುದು

ತೊಳೆಯುವ ಸಹನೆ ಇಲ್ಲದವರು, ಕಲ್ಲು ಕ್ವಾರಿಯಲ್ಲಿ ಓಡಾಡುವವರು, ವಿಂಚಿನಿಂದ ಮರದ ದಿಮ್ಮಿ ಎಳೆಯುವವರು ತಂತಿ ಹಗ್ಗ, ರೋಲರ್ ಇಟ್ಟುಕೊಳ್ಳಿ. ಉಳಿದವರಿಗೆ ನನ್ನ ಮತ ಸಿಂಥೆಟಿಕ್ ಮತ್ತು ಹಾಸ್ ಕಡೆ. 28 ಮೀಟರ್ ತಂತಿ ಏಳು ಕೆ.ಜಿ. ಆಸುಪಾಸು ತೂಗಿದರೆ ಅಷ್ಟೇ ಸಿಂಥೆಟಿಕ್ ಎರಡು ಕೆ.ಜಿ.ಯೂ ತೂಗುವುದಿಲ್ಲ. ಹರಿದಾಗ ತಂತಿಯಷ್ಟು ಹುಚ್ಚಾಗಿ ಚಿಮ್ಮುವುದಿಲ್ಲ. ಹಾಗಂತ ಹತ್ತಿರ ನಿಲ್ಲಬೇಡಿ. ತುದಿಯ ಹುಕ್ಕು ಕಬ್ಬಿಣದ್ದೇ. ಯಾವ ಹಗ್ಗವಾದರೂ ನಡುವೆ ಒದ್ದೆ ಗೋಣಿಚೀಲ ಹೊದಿಸಿ.

ಕಬ್ಬಿಣದ ದೊಡ್ಡ ಬಂಪರ್ ಹಾಕಿಸುವ ಮುಂಚೆ ಇನ್ನೊಂದು ಮಾತು. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ಹಾಕಿದವರ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ. ಅದಕ್ಕೇ ಬಹಳ ಜನ ಕಂಪನಿ ಬಂಪರ್ ಹಿಂದೆ ಪ್ಲೇಟ್ ಕೂರಿಸಿ ವಿಂಚ್ ಅಡಗಿಸುತ್ತಾರೆ. ಹಾಗೆ ಮಾಡಿದರೆ ಹಗ್ಗ ಪ್ಲಾಸ್ಟಿಕ್ ಅಂಚಿಗೆ ಎಲ್ಲಾದರೂ ತಾಗುತ್ತದೋ ಅಂತ ಎಡಕ್ಕೆ, ಬಲಕ್ಕೆ, ಕೆಳಕ್ಕೆ ಕೈಯಿಂದ ಎಳೆದು ನೋಡಿಯೇ ಬೋಲ್ಟ್ ಬಿಗಿ ಮಾಡಿಸಿ.

ನನ್ನ ಮೂರನೇ ಹಗ್ಗ ಈಗ ಎರಡು ಮಳೆಗಾಲ ಕಂಡಿದೆ. ಹುಕ್ಕಿನ ಕಡೆ ಒಂದು ಗೇಣು ಸವೆದಿತ್ತು, ಕತ್ತರಿಸಿ ಮತ್ತೆ ಸ್ಪ್ಲೈಸ್ ಹಾಕಿದೆ. ಹಗ್ಗದ ತುದಿಯನ್ನು ಅದರ ಹೊಟ್ಟೆಯೊಳಗೇ ಅದರ ದಪ್ಪದ 72 ಪಟ್ಟು ಉದ್ದ ತೂರಿಸುವುದು, 10 ಎಂ.ಎಂ. ಹಗ್ಗಕ್ಕೆ 72 ಸೆಂ.ಮೀ. ಗಂಟು ಹಾಕಬೇಡಿ. ಈ ನೂಲಿನಲ್ಲಿ ಗಂಟು ನಿಲ್ಲುವುದಿಲ್ಲ, ನಿಂತರೂ ಬಲ ಅರ್ಧಕ್ಕೆ ಇಳಿಯುತ್ತದೆ. ಇದನ್ನು ನಾನು ಬೇರೆ ರೀತಿಯಲ್ಲೂ ಕಲಿತೆ. ಹರಿದ ಹಳೆ ಹಗ್ಗದಲ್ಲಿ ಐದು ಮೀಟರ್ ಚೆನ್ನಾಗಿತ್ತು ಅಂತ ಕಾಕಾ ಅವರಿಗೆ ಎಮ್ಮೆ ಕಟ್ಟಲು ಕೊಟ್ಟಿದ್ದೆ. ನಾಲ್ಕು ಟನ್ ಎಳೆಯುವ ಹಗ್ಗ, ನೋಡ್ರೀ ಅಂತ ಹೇಳಿಯೂ ಬಂದಿದ್ದೆ. ಬೆಳಗಾಗುವುದರೊಳಗೆ ಗಂಟು ಜಾರಿ ಎಮ್ಮೆ ಪಕ್ಕದವರ ಜೋಳದ ಹೊಲದಲ್ಲಿತ್ತು. ಕಾಕಾ ಈಗ ಮತ್ತೆ ಪುಂಡಿ ನಾರಿನ ಹಗ್ಗಕ್ಕೆ ಹೋಗಿದ್ದಾರೆ.